ಬಾಣಂತಿ ಕೋಣೆಗೆ ಔಷಧ ಹೊಡೆಯುವ ಉಡಚವ್ವ

ಸಿಂಗಟಾಲೂರಿನ ಹೊಳೆದಂಡೆಯಲ್ಲಿ ಇನ್ನೂ ನಸುಕು. ಉಡಚವ್ವ ಸೆರಗನ್ನು ಮೂಗಿಗೆ ಬಿಗಿದುಕೊಂಡು, ಬಕೀಟಿನ ನೀರಿಗೆ ಬಿಳಿ ಡಿಡಿಟಿ ಪುಡಿ ಸುರಿದು ಕೋಲಿನಿಂದ ಕದಡುತ್ತಿದ್ದಾಳೆ. ಮಲೇರಿಯಾ ತಂಡಕ್ಕೆ ನೀರು ಹೊರುವ ಕೂಲಿ ಆಕೆಯದು, ಗಂಡ ತೀರಿಕೊಂಡ ಮೇಲೆ ಸಿಕ್ಕಿದ್ದು. ಸಂಜೆಯೊಳಗೆ ಮೂವತ್ತು ನಲವತ್ತು ಕೊಡ ಹೊತ್ತು ದಂಡೆ ಏರಬೇಕು. ಅಂಗೈಗಳು ಬಿರಿದಿವೆ. ಔಷಧದ ವಾಸನೆಗೆ ಓಣಿಯ ಹೆಂಗಸರು ಪಕ್ಕದಲ್ಲಿ ಕೂರುವುದಿಲ್ಲ.

"ನೀವು ಹೊಡದು ಹೋದ ಮ್ಯಾಲೆ ತಗಣಿ ಹೆಚ್ಚಾಗ್ಯಾವ ನೋಡಬೇ," ಎಂದು ಕಟ್ಟೆಯ ಮೇಲಿನ ಗೋಣೆಪ್ಪ ಕೆಣಕುತ್ತಾನೆ. ಕನ್ನಡ ನಾಡು ಒಂದಾಗುವ ಸುದ್ದಿ ಬಿಟ್ಟರೆ ಅವನಿಗೆ ಇದೇ ಮಾತು.

"ತಗಣಿ ಕಡದು ಯಾರೂ ಸತ್ತಿಲ್ಲೋ ಯಣ್ಣಾ. ಸೊಳ್ಳಿ ಕಡದು ಸತ್ತವರ ಮನಿ ತೋರಸ್ಲೇನು?"

ಅಂಥದೊಂದು ಮನೆಗೇ ಇವತ್ತು ಪಾಳಿ. ಶಂಕ್ರೆವ್ವನ ಮಗಳು ಮರಿಯವ್ವ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಎರಡು ವರ್ಷದ ಹಿಂದೆಯೂ ಬಂದಿದ್ದಳು. ಆಗ ತಂಡದ ಗಂಡಸರು ಮನೆಗೆಲ್ಲ ಔಷಧ ಹೊಡೆದರು, ಬಾಣಂತಿ ಕೋಣೆಯೊಂದನ್ನು ಬಿಟ್ಟು. ಪರಗಂಡಸರು ಅಲ್ಲಿ ಕಾಲಿಡುವಂತಿಲ್ಲ. ಕಿಟಕಿಯಿಲ್ಲದ ಆ ಕತ್ತಲಲ್ಲಿ ಸೊಳ್ಳೆಗಳು ಉಳಿದವು. ಮೂರು ತಿಂಗಳ ಕೂಸು ಚಳಿಜ್ವರದಲ್ಲಿ ಹೋಯಿತು.

"ಹೆಸರಿಟ್ಟಿದ್ರು. ಕರಿಯಾಕ ಬಾಯಿ ರೂಢಿ ಆಗೂದ್ರಾಗ ಹೋತು," ಎಂದು ದಾರಿಯಲ್ಲಿ ನೆನೆಯುತ್ತಾಳೆ ಉಡಚವ್ವ. ಕೂಸನ್ನು ಮಣ್ಣು ಮಾಡಿದ ಮರುದಿನ ಆಕೆ ತಂಡದ ಮುಕಾದಮ ಕರೀಮಸಾಬರ ಮುಂದೆ ನಿಂತು, ಆ ಕೋಣೆಗಳಿಗೆ ತಾನೇ ಹೊಡೆಯುತ್ತೇನೆ, ಕಲಿಸಿರಿ ಎಂದಳು.

ಈಗ ಶಂಕ್ರೆವ್ವ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಒಳಗಿನ ಹತ್ತು ದಿನದ ಹೆಣ್ಣುಕೂಸಿನ ಕೆನ್ನೆ, ಮೊಣಕೈ ತುಂಬ ಸೊಳ್ಳೆ ಕಡಿದ ಕೆಂಪು ಗಂಧೆ.

"ಬಾಣಂತಿನ್ನ ಗಾಳಿಗೆ ತರೂದಿಲ್ಲ ನಾ."

"ಅಡಗಿಮನಿತನಾ ಬಂದ್ರ ಸಾಕವಾ. ಕಿವಿಗೆ ಅರಿವಿ ಕಟ್ಟು. ಗ್ವಾಡಿ ಒಣಗೂತನಾ ಅಷ್ಟ."

ಮರಿಯವ್ವ ತಾಯಿಯ ಅಪ್ಪಣೆಗೆ ಕಾಯುವುದಿಲ್ಲ. ಕೂಸನ್ನು ಎದೆಗವಚಿಕೊಂಡು ತಾನೇ ಎದ್ದು ಬರುತ್ತಾಳೆ.

ಹೊಸ್ತಿಲ ಹೊರಗೆ ಕರೀಮಸಾಬರು ಬೆನ್ನು ತಿರುಗಿಸಿ ನಿಂತು ಪಂಪು ಒತ್ತುತ್ತಾರೆ. ಒಳಗೆ ಉಡಚವ್ವ ನಳಿಗೆ ಹಿಡಿದು ಗೋಡೆ, ಜಂತಿ, ಮೂಲೆ ನೆನೆಸುತ್ತಾಳೆ. ಆಮೇಲೆ ಕೈಯನ್ನು ಸಬಕಾರ ಹಚ್ಚಿ ಮತ್ತೆ ಮತ್ತೆ ತೊಳೆದು, ಕೂಸಿನ ಗಂಧೆಗಳ ಮೇಲೆ ತಣ್ಣೀರಿನ ಬಟ್ಟೆ ಒತ್ತುತ್ತಾಳೆ. ಕೂಸು ಮಲಗುವಲ್ಲಿ ಹಳೆಯ ಧೋತರವನ್ನು ಪರದೆಯಂತೆ ಇಳಿಬಿಡಲು ಹೇಳುತ್ತಾಳೆ.

"ನಾಡಿದ್ದ ತೊಟ್ಟಲದಾಗ ಹಾಕಿ ಹೆಸರಿಡೂದೈತಿ. ಗ್ವಾಡಿ ಮ್ಯಾಗಿನ ಈ ಬಿಳಿ ಕಲಿ ನೋಡಿ ಬೀಗರು ಏನಂದಾರು?" ಶಂಕ್ರೆವ್ವ ಕೆಮ್ಮಣ್ಣು ನೆನೆಹಾಕಿದ ಗಡಿಗೆ ಎಳೆಯುತ್ತಾಳೆ. ಅದರಿಂದ ಗೋಡೆ ಸಾರಿಸಿದರೆ ಔಷಧವೆಲ್ಲ ಮಣ್ಣಿನಡಿ ಹೂತುಹೋಗುತ್ತದೆ. ಊರಿನ ಎಷ್ಟೋ ಮನೆಗಳಲ್ಲಿ ಆಗುವುದೂ ಅದೇ.

"ಬೀಗರು ಉಂಡು ಹೋಗ್ತಾರ. ಕೂಸು ಇಲ್ಲೇ ಮಲಗ್ತೈತಿ."

ಶಂಕ್ರೆವ್ವ ಗಡಿಗೆಯನ್ನು ಬಿಡುವುದಿಲ್ಲ.

ಅಂಗಳದಲ್ಲಿ ಉಡಚವ್ವ ಬರಿಗೊಡ ಎತ್ತಿಕೊಳ್ಳುತ್ತಾಳೆ. "ನಾ ಹೋದ ಮ್ಯಾಲೆ ಸಾರಸ್ತಾಳೋ ಏನೋ," ಎಂದು ಕರೀಮಸಾಬರಿಗೆ ಹೇಳುತ್ತಾಳೆ. ಕೊಡವನ್ನು ಸೊಂಟಕ್ಕೇರಿಸಿ ಮಾತು ಮುಂದುವರಿಸುತ್ತಾಳೆ: "ಈ ಕೂಸು ಬೆಳದು ಓಣ್ಯಾಗ ಓಡ್ಯಾಡಿ ನನ್ನ ಕೊಡ ಒಡೀಬೇಕ್ರಿ. ನಾ ಆಕಿನ್ನ ಹೆಸರ ಹಿಡದು ಬೈಬೇಕು. ಅಷ್ಟ ಆದ್ರ ಸಾಕು."