ಸೊಂಟ ಬಗ್ಗಿಸಬೇಡಿ

ನಾನು ನಿಂತಿದ್ದದ್ದು ಅಕ್ಕನ ಮನೆಯ ಹಿಂದೆ, ಕುರಿ ರೊಪ್ಪದ ಬಾಗಿಲಲ್ಲಿ, ಮುಳ್ಳುಬೇಲಿಗೆ ಬೆನ್ನು ಮಾಡಿಕೊಂಡು. ಅಕ್ಕನಿಗೂ ನನಗೂ ನಡುವೆ ಕುರಿಗೆ ನೀರಿಡುವ ಬಾನಿಯೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಈ ಸಲದ ಯುಗಾದಿಗೆ ಮುಂಚಿನ ಭಾನುವಾರ ಬೆಳಿಗ್ಗೆ. ಕುರಿಗಳನ್ನು ಮೇಯಲು ಹೊಡೆದುಕೊಂಡು ಹೋಗಿ ಆಗಿತ್ತು; ರೊಪ್ಪದಲ್ಲಿ ಮರಿಗಳಷ್ಟೇ ಉಳಿದಿದ್ದವು. ರಾಮಗಿರಿಯ ಗುಡ್ಡದ ಮೇಲೆ ಬಿಸಿಲು ಪೂರ್ತಿ ಬಿದ್ದಿತ್ತು, ಕಣ್ಣಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೇಳಿದ ಮಾತನ್ನು ಅಕ್ಕ ಕೇಳಲಿಲ್ಲ, ಅದಕ್ಕೇ ಹೀಗಾಯಿತು ಎಂದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅಂದರು. ಈಗ ಅವಳ ಮಗನೂ ಅದನ್ನೇ ಅನ್ನುತ್ತಾನೆ. ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ನೆಂಟರೂ ಅಂದರು. ಅವಳು ಕೇಳಿದಳು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದಳು. ನಾನು ನೋಡಿದ್ದೇನೆ.

ತೊಡೆಯ ಮೂಳೆ ಮೈಗೆ ಕೂಡುವ ಕೀಲಿಗೆ ನಮ್ಮ ಕಡೆ ಚಪ್ಪೆ ಅನ್ನುತ್ತೇವೆ. ಅಕ್ಕನ ಬಲಗಡೆಯ ಚಪ್ಪೆ ಸವೆದು, ಕುರಿ ಹಿಂದೆ ಹೋಗುವುದಿರಲಿ, ಬಚ್ಚಲಿಗೆ ಹೋಗುವುದೂ ಕಷ್ಟವಾಗಿತ್ತು. ಡಾಕ್ಟರು ಹಳೆಯ ಕೀಲನ್ನು ತೆಗೆದು ಲೋಹದ್ದು ಕೂರಿಸುತ್ತೇವೆ ಎಂದರು. ಮೊದಲಿನ ಹಾಗೆ ಉದ್ದಕ್ಕೆ ಕೊಯ್ಯುವುದಿಲ್ಲ, ಮಾಂಸಖಂಡಗಳನ್ನು ಆದಷ್ಟೂ ಕತ್ತರಿಸದೆ ಪಕ್ಕಕ್ಕೆ ಸರಿಸಿ ಮಾಡುತ್ತೇವೆ, ಸಣ್ಣ ಗಾಯ, ಬೇಗ ಎದ್ದು ಓಡಾಡುತ್ತಾರೆ ಎಂದರು. ಅದು ಸುಳ್ಳಲ್ಲ. ಮಾರನೆಯ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಅಕ್ಕ ನಿಂತಳು. ಆಪರೇಷನ್ ಕೆಟ್ಟದಾಗಿತ್ತು ಎಂದು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ.

ಮನೆಗೆ ಕಳಿಸುವ ದಿನ ವ್ಯಾಯಾಮ ಹೇಳಿಕೊಡುವವರು ಬಂದು ಮಂಚದ ಕಾಲ್ದೆಸೆಯಲ್ಲಿ ನಿಂತರು. ನಾನು ಕಿಟಕಿಯ ಹತ್ತಿರ ಇದ್ದೆ, ಅಕ್ಕನ ಸೊಸೆ ಬಟ್ಟೆ ಮಡಚುತ್ತಿದ್ದಳು. ಅವರ ಫೋನು ಎರಡು ಸಲ ಹೊಡೆದುಕೊಂಡಿತು.

"ಸೊಂಟ ಬಗ್ಗಿಸಬೇಡಿ ಅಮ್ಮಾ. ತೊಂಬತ್ತು ಡಿಗ್ರಿ ದಾಟಬಾರದು."

"ತೊಂಬತ್ತು ಅಂದ್ರೆ ಹೆಂಗೆ ಸಾರ್?" ಅಕ್ಕ ಕೇಳಿದಳು.

"ನೆಟ್ಟಗೆ ಕೂತ್ಕೊಳ್ಳಿ ಅಂತ. ಸೊಂಟ ಬಗ್ಗಬಾರದು, ಅಷ್ಟೇ."

ಫೋನು ಮತ್ತೆ ಹೊಡೆದುಕೊಂಡಿತು. ಅವರು ಹೋದರು.

ಸೊಂಟ ಅಂದರೆ ನಮಗೆ ಸೀರೆ ಕಟ್ಟುವ ಜಾಗ, ಹೊರೆ ಹೊತ್ತರೆ ಹಿಡಿದುಕೊಳ್ಳುವ ಜಾಗ. ಅಕ್ಕ ಹಾಗೇ ತಿಳಿದಳು. ಸೊಸೆಯೂ ಹಾಗೇ ತಿಳಿದಳು, ನಾನೂ ಹಾಗೇ ತಿಳಿದೆ. ಬೇರೆ ಹೇಗೆ ತಿಳಿಯಬೇಕಿತ್ತು? ಮಗ ಹೊಳಲ್ಕೆರೆಯ ಮೆಡಿಕಲ್ ಸ್ಟೋರಿನಿಂದ ಸೊಂಟದ ಬೆಲ್ಟ್ ತಂದುಕೊಟ್ಟ, ಅಗಲವಾದ್ದು, ಒಳಗೆ ಪಟ್ಟಿ ಕೊಟ್ಟದ್ದು. ಅಕ್ಕ ಅದನ್ನು ಬಿಗಿದುಕೊಂಡು, ವಾಕರ್ ಹಿಡಿದು, ಕಂಬದ ಹಾಗೆ ನೆಟ್ಟಗೆ ಅಂಗಳದಲ್ಲಿ ಓಡಾಡಿದಳು. ಉಣ್ಣುವಾಗಲೂ ತಟ್ಟೆಯನ್ನು ಬಾಯಿಯ ಹತ್ತಿರ ತರಿಸಿಕೊಳ್ಳುತ್ತಿದ್ದಳೇ ಹೊರತು ತಾನು ಬಗ್ಗುತ್ತಿರಲಿಲ್ಲ.

ಪಕ್ಕದ ಮನೆಯಾಕೆ ದಿನಾ ಬಂದು ರೇಗಿಸುತ್ತಿದ್ದಳು. "ಏನ್ ಯಕ್ಕ, ಡಾಬು ಕಟ್ಟಂಡಂಗೈತೆ. ಎರಡನೇ ಮದ್ವಿನಾ?"

"ಗಂಡು ನೀನೇ ನೋಡು. ಕುರಿ ಕಾಯಾಕೆ ಬರೋನಾಗಿರ್ಬೇಕು."

ಗಾಯ ತೋರಿಸು ಅಂದವರಿಗೆಲ್ಲ ತೋರಿಸುತ್ತಿದ್ದಳು. "ಇಷ್ಟೇನಾ? ಕುಡ್ಗೋಲು ತಾಕಿದ್ರೂ ಇದಕ್ಕಿಂತ ದೊಡ್ಡದಾಗ್ತೈತೆ" ಎಂದು ಅವರು ನಗುತ್ತಿದ್ದರು. ಚರ್ಮ ಮಾತ್ರ ಸಣ್ಣದಾಗಿ ಕೊಯ್ದಿದೆ, ಒಳಗಿನ ಕೀಲು ಇಡಿಯಾಗಿ ಹೊಸದು, ಅದು ಬೇರೂರುವ ತನಕ ಜೋಪಾನ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸಣ್ಣ ಗಾಯ ಎಂಬ ಮಾತನ್ನು ಮಾತ್ರ ಆಸ್ಪತ್ರೆಯ ಪ್ರತಿಯೊಬ್ಬರೂ ಹೇಳಿದ್ದರು.

ಹೊಲಿಗೆ ಬಿಚ್ಚಿಸಲು ಚಿತ್ರದುರ್ಗಕ್ಕೆ ನಾನೇ ಕರೆದುಕೊಂಡು ಹೋದೆ. ಇಲ್ಲಿಂದ ಮುಂದೆ ಇನ್ನೂ ನಿಧಾನವಾಗಿ ಹೇಳುತ್ತೇನೆ. ನರ್ಸ್ ಬೆಲ್ಟನ್ನು ಬಿಚ್ಚಿ ಸ್ಟೂಲಿನ ಮೇಲಿಟ್ಟರು. ಹೊಲಿಗೆ ತೆಗೆದರು. ಡಾಕ್ಟರು ಬಂದು ನೋಡಿ ಬಹಳ ಚೆನ್ನಾಗಿ ಕೂಡಿಕೊಂಡಿದೆ ಎಂದು ಗಾಯದ ಫೋಟೋ ತೆಗೆದುಕೊಂಡರು. ಬೆಲ್ಟ್ ಅವರ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು. ಆಮೇಲೆ ನರ್ಸ್ ಅದನ್ನು ಎತ್ತಿಕೊಂಡು ಮತ್ತೆ ಕಟ್ಟಿ, "ಬಿಗಿ ಸಾಕಾ ಅಮ್ಮಾ?" ಎಂದು ಕೇಳಿದರು. ಚಪ್ಪೆಯ ಆಪರೇಷನ್ ಆದವಳಿಗೆ ಸೊಂಟದ ಬೆಲ್ಟ್ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆ ಭಾನುವಾರ ತಾಯಿ ಹತ್ತಿರ ಸೇರಿಸದ ಒಂದು ಮರಿಗೆ ಬಾಟಲಿ ಹಾಲು ಕುಡಿಸಬೇಕಿತ್ತು. ಸೊಸೆ ಕುಡಿಸಿದರೆ ಅದು ಕುಡಿಯುತ್ತಿರಲಿಲ್ಲ. ಅಕ್ಕ ಮಣೆ ಹಾಕಿಸಿಕೊಂಡಳು. ಕೂರುವ ಮುಂಚೆ ಬೆಲ್ಟ್ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡಳು. ಇದನ್ನು ನಾನು ಕಣ್ಣಾರೆ ಕಂಡೆ. ಸೊಸೆಯ ಭುಜ ಹಿಡಿದು, ಬೆನ್ನನ್ನು ಒಂದಿಷ್ಟೂ ಬಾಗಿಸದೆ, ನೆಟ್ಟಗೆ ಕೆಳಗಿಳಿದಳು. ಮಣೆ ಗೇಣೆತ್ತರವೂ ಇರಲಿಲ್ಲ. ಮೊಣಕಾಲು ಎದೆಯ ಹತ್ತಿರ ಬಂದವು.

"ನೋಡ್ಲೇ ತಮ್ಮ, ಬಗ್ಗಿಲ್ಲ."

ಸೊಸೆ ಮರಿಯನ್ನು ತಂದು ಅವಳ ಕಾಲ ನಡುವೆ ಬಿಟ್ಟಳು. ಮರಿ ಕೊಸರಿತು. ಅದು ಓಡದ ಹಾಗೆ ಅಕ್ಕ ಎರಡೂ ಮೊಣಕಾಲು ಒಳಕ್ಕೆ ಒತ್ತಿ ಹಿಡಿದಳು, ಹುಟ್ಟಿದಾಗಿನಿಂದ ಹಿಡಿದ ಹಾಗೆ. ಕೀಲು ಕಳಚಿದ ಸದ್ದು ಬಾನಿಯ ಈಚೆ ನಿಂತ ನನಗೂ ಕೇಳಿಸಿತು. ಅಕ್ಕ ಪಕ್ಕಕ್ಕೆ ವಾಲಿದಳು. ಬಲಗಾಲು ಒಳಕ್ಕೆ ತಿರುಗಿ ಗಿಡ್ಡವಾಗಿ ನಿಂತಿತು. ಬೆನ್ನು ಆಗಲೂ ನೆಟ್ಟಗೇ ಇತ್ತು.

ಆಂಬುಲೆನ್ಸ್ ಕರೆಸಿದೆವು. ಅರಿವಳಿಕೆ ಕೊಟ್ಟು ಕೀಲನ್ನು ಮತ್ತೆ ಕೂರಿಸಿದರು. ಸಂಜೆ ಡಾಕ್ಟರು ಮಂಚದ ಬಳಿ ಬಂದು, "ಬಗ್ಗಬೇಡಿ ಅಂತ ಹೇಳಿರಲಿಲ್ವಾ? ಹೇಳಿದ್ದು ಕೇಳಲ್ಲ ನೀವು" ಎಂದರು.

"ಬಗ್ಸಿಲ್ಲ ಸಾರ್. ದೇವರಾಣೆ ಸೊಂಟ ಬಗ್ಸಿಲ್ಲ."

ಅವರು ಹೊದಿಕೆಯ ಮೇಲಿಂದಲೇ ಬೆರಳಿಟ್ಟು, "ಇದು ಬಗ್ಗಬಾರದು ಅಮ್ಮಾ, ಇದು" ಎಂದರು.

"ಅದು ಚಪ್ಪೆ ಅಲ್ವಾ ಸಾರ್?"

ನಾನು ಅವರನ್ನು ಕೇಳಿದೆ: "ಮಣೆ ಮೇಲೆ ಕೂರಬೇಡಿ ಅಂತ ಹೇಳೋಕೆ ಏನಾಗಿತ್ತು? ಈ ಬೆಲ್ಟ್ ನೋಡಿ ಯಾಕೆ ಕೇಳಲಿಲ್ಲ?"

"ಹಿಪ್ ಅನ್ನೋದಕ್ಕೆ ಕನ್ನಡದಲ್ಲಿ ಸೊಂಟ ಅಂತಾನೇ ಅನ್ನೋದು" ಎಂದರು. ಮುಂದಿನ ಮಂಚಕ್ಕೆ ಹೋದರು.

ಅಕ್ಕ ಈಗ ಮನೆಯಲ್ಲಿದ್ದಾಳೆ. ಕಾಲು ಪರವಾಗಿಲ್ಲ. ಆದರೆ ಇಡೀ ಹಿಂಡನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದವಳು ಪ್ಲಾಸ್ಟಿಕ್ ಕುರ್ಚಿಯ ಮುಂದೆ ನಿಂತು, "ಹಿಂಗೆ ಕುಂತ್ಕಂಬೌದಾ?" ಎಂದು ಸೊಸೆಯನ್ನು ಕೇಳುತ್ತಾಳೆ. ರೊಪ್ಪಕ್ಕೆ ಕಾಲಿಟ್ಟಿಲ್ಲ. ಮೊನ್ನೆ ನನ್ನ ಹತ್ತಿರ, "ನಂದೇ ತಪ್ಪಿರ್ಬೇಕು ಬಿಡ್ಲೇ" ಎಂದಳು. ನನಗೆ ಮೈ ಉರಿದದ್ದು ಆ ಮಾತಿಗೆ. ಇದನ್ನು ಬರೆಯಲು ಕೂತದ್ದೂ ಅದಕ್ಕೇ.

ಅವಳು ಮಣೆಯ ಮೇಲೆ ಬೆನ್ನು ಬಾಗಿಸದೆ ಕೂತದ್ದನ್ನು ನಾನಲ್ಲದೆ ಕಂಡವರು ಇಬ್ಬರು: ಭುಜ ಕೊಟ್ಟ ಸೊಸೆ, ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯಾಕೆ. ಇಬ್ಬರೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಬೆಲ್ಟನ್ನು ಕಂಡ ಡಾಕ್ಟರೂ ಇದ್ದಾರೆ. ಅದನ್ನು ಬಿಚ್ಚಿ ಮತ್ತೆ ತಮ್ಮ ಕೈಯಾರೆ ಕಟ್ಟಿ, ಬಿಗಿ ಸಾಕಾ ಎಂದು ಕೇಳಿದ ಆ ನರ್ಸಮ್ಮನೂ ಅದೇ ಆಸ್ಪತ್ರೆಯಲ್ಲಿ, ಅದೇ ಕೋಣೆಯಲ್ಲಿದ್ದಾರೆ.