ಹಾಸಿನ ಕೆಳಗಿನ ಬ್ಯಾಟರಿ

ಇಳಕಲ್ಲಿನಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ ಇದೆ. ಟ್ರ್ಯಾಕ್ಟರು, ಆಟೊ, ಇನ್ವರ್ಟರು, ಸೋಲಾರು, ಯಾವುದರ ಬ್ಯಾಟರಿ ಸತ್ತರೂ ನನ್ನ ಬಾಗಿಲಿಗೆ ಬರುತ್ತದೆ. ನಮ್ಮ ಅಬ್ಬಾ ಹುನಗುಂದದಲ್ಲಿ ಇದೇ ಕೆಲಸ ಮಾಡಿದವರು. ಅವರ ಹತ್ತಿರ ಕಲಿತು ಇಲ್ಲಿಗೆ ಬಂದೆ. ನನಗೆ ಕೆಲಸ ಗೊತ್ತು ಎಂಬ ಸೊಕ್ಕು ಮೊದಲಿನಿಂದಲೂ ಸ್ವಲ್ಪ ಜಾಸ್ತಿ. ಗಿರಾಕಿ ತನ್ನ ಬ್ಯಾಟರಿಯ ಬಗ್ಗೆ ಎರಡು ಮಾತು ಹೆಚ್ಚಿಗೆ ಆಡಿದರೆ "ಹಂಗಾರ ನೀವ ರಿಪೇರಿ ಮಾಡ್ಕೊಳ್ರಿ" ಎಂದುಬಿಡುತ್ತಿದ್ದೆ. ಈಗ ಅಷ್ಟು ಬೇಗ ಅನ್ನುವುದಿಲ್ಲ. ಅದಕ್ಕೆ ಕಾರಣ ನಮ್ಮ ಹಿಂದಿನ ಓಣಿಯಲ್ಲಿ ಸೀರೆ ನೇಯುವ ಒಬ್ಬ ಹೆಣ್ಣುಮಗಳು. ಓಣಿಯವರೆಲ್ಲ ಆಕೆಗೆ ಅವ್ವಾರು ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಅವ್ವಾರಿಗೆ ಅರವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಪಾಲಾದಾಗ ಕರೆಂಟಿನ ಮೀಟರು ಮೈದುನನ ಕಡೆಗೆ ಹೋಯಿತು. ಹೊಸ ಮೀಟರು ಹಾಕಿಸಲು ಆತನ ಸಹಿ ಬೇಕಿತ್ತು. ಆತ ತಾನಾಗಿ ಹಾಕಲಿಲ್ಲ, ಈಕೆ ಹೋಗಿ ಕೇಳಲಿಲ್ಲ. "ಆ ಮನಿಗಿ ಹೋಗಿ ಕೈ ಮುಗಿಯೂದಕ್ಕಿಂತ ಕತ್ತಲ್ದಾಗ ನೇಯ್ತೇನಿ" ಎಂದರು. ಹಟ ಅಂದರೆ ಹಟ. ಕೊನೆಗೆ ನಾನೇ ಮಾಳಿಗೆಯ ಮೇಲೆ ಒಂದು ಸೋಲಾರ್ ಪ್ಯಾನೆಲ್ ಕೂರಿಸಿ, ಒಳಗೆ ಒಂದು ಬ್ಯಾಟರಿ ಇಟ್ಟು, ಎರಡು ದೀಪ, ಒಂದು ಫ್ಯಾನು ಕೊಟ್ಟೆ. ಆ ಮನೆಗೆ ಬೇರೆ ಕರೆಂಟು ಇಲ್ಲ.

ಬ್ಯಾಟರಿ ಎಲ್ಲಿ ಇಡಬೇಕು ಎಂಬ ಪ್ರಶ್ನೆ ಬಂತು. ಇರುವುದು ಒಂದೇ ಕೋಣೆ, ಅದರ ತುಂಬ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಕೈಮಗ್ಗ ಅದು. ಕೂತವರ ಎದುರಿಗೆ ಹಾಸಿನ ನೂಲು, ಅಂದರೆ ಸೀರೆಯ ಉದ್ದದ ಎಳೆಗಳು, ಆಚೆಯ ಗೋಡೆಯ ತನಕ ಬಿಗಿಯಾಗಿ ಹರಡಿಕೊಂಡಿರುತ್ತವೆ. ನೇಕಾರರ ಮನೆಯಲ್ಲಿ ಆ ಹಾಸಿನ ಕೆಳಗಿನ ಜಾಗವೊಂದೇ ಖಾಲಿ. ಅಲ್ಲಿ ಯಾರೂ ಕಾಲಿಡುವುದಿಲ್ಲ, ಹೀಗಾಗಿ ಜೋಳದ ಚೀಲ, ಉಳ್ಳಾಗಡ್ಡಿ ಬುಟ್ಟಿ, ಟ್ರಂಕು ಎಲ್ಲ ಅಲ್ಲಿಗೇ ಹೋಗುತ್ತವೆ. "ಅಲ್ಲೇ ಇಡಪಾ, ಯಾರ ಕಾಲಾಗೂ ಸಿಗೂದಿಲ್ಲ" ಎಂದರು ಅವ್ವಾರು. ತಂಪಾದ ಜಾಗ, ನನಗೂ ಸರಿ ಅನ್ನಿಸಿತು. ನೂಲಿನ ಧೂಳು ಬೀಳದಿರಲಿ ಎಂದು ಅವರು ಬ್ಯಾಟರಿಯ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಮಡಚಿ ಹೊದಿಸಿದರು. ಎರಡು ವರ್ಷ ಏನೂ ತೊಂದರೆ ಆಗಲಿಲ್ಲ.

ಮೂರನೆಯ ಬೇಸಿಗೆಯ ಶುರುವಿನಲ್ಲಿ ಚಾರ್ಜ್ ಕಂಟ್ರೋಲರ್ ಸುಟ್ಟಿತು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಅಂಗೈ ಅಗಲದ ಡಬ್ಬಿ ಅದು. ಬ್ಯಾಟರಿಯ ಹೊಟ್ಟೆ ತುಂಬಿದ ಕೂಡಲೇ ಸಾಕು ಎಂದು ಕರೆಂಟು ನಿಲ್ಲಿಸುವುದೇ ಅದರ ಕೆಲಸ. ನನ್ನ ಹತ್ತಿರ ಆವತ್ತು ಒಂದೂ ಇರಲಿಲ್ಲ, ಬಾಗಲಕೋಟೆಯಿಂದ ಬರಬೇಕಿತ್ತು. ಅವ್ವಾರ ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ದೀಪ ಇಲ್ಲದಿದ್ದರೆ ಆ ಕೋಣೆಯಲ್ಲಿ ಮಧ್ಯಾಹ್ನವೂ ಎಳೆ ಕಾಣುವುದಿಲ್ಲ. ನಾಲ್ಕು ದಿನದ ಮಾತು ಎಂದು ಪ್ಯಾನೆಲ್ಲಿನ ವೈರನ್ನು ಬ್ಯಾಟರಿಗೆ ನೇರವಾಗಿ ಕೊಟ್ಟು ಬಂದೆ. ನಮ್ಮ ಕಡೆ ಇದಕ್ಕೆ ಡೈರೆಕ್ಟ್ ಕೊಡುವುದು ಎನ್ನುತ್ತಾರೆ. ಎಲ್ಲ ಮೆಕ್ಯಾನಿಕರೂ ಕೊಡುತ್ತಾರೆ, ಎಲ್ಲರೂ ನಾಲ್ಕು ದಿನ ಎಂದೇ ಹೇಳುತ್ತಾರೆ.

ಆಮೇಲೆ ಮರೆತೆ. ಸುಳ್ಳು ಯಾಕೆ ಹೇಳಲಿ? ಡಬ್ಬಿ ಬಂತು, ಅಂಗಡಿಯ ಗೂಡಿನಲ್ಲಿ ಇಟ್ಟೆ. ಅಷ್ಟರಲ್ಲಿ ಐಹೊಳೆ ಕಡೆಯ ಹೊಲದಲ್ಲಿ ಒಂದು ಪಂಪು ಕೆಟ್ಟಿತು, ಕೂಡಲಸಂಗಮದಲ್ಲಿ ಒಂದು ಕಾಯಿ ಅಂಗಡಿಯ ಇನ್ವರ್ಟರು ಕೆಟ್ಟಿತು, ಹೀಗೇ ದಿನ ಹೋದವು. ಅವ್ವಾರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಉರಿಯುವ ದೀಪದ ಬಗ್ಗೆ ಯಾರೂ ನೆನಪು ಮಾಡುವುದಿಲ್ಲ.

ಅವರು ಹೇಳದೇ ಇರಲಿಲ್ಲ. ಒಂದು ದಿನ ಬ್ಯಾಟರಿ ನೀರಿನ ಕ್ಯಾನು ಒಯ್ಯಲು ಅಂಗಡಿಗೆ ಬಂದಾಗ ಹೇಳಿದರು: "ತಮ್ಮಾ, ಬ್ಯಾಟ್ರಿ ಭಾಳ ನೀರ ಕುಡೀಲಾಕತ್ತೈತಿ. ಮದಲ ಎರಡ ತಿಂಗಳಿಗೊಮ್ಮಿ ಹಾಕ್ತಿದ್ದೆ, ಈಗ ವಾರಕ್ಕೊಮ್ಮಿ ಕೇಳತೈತಿ."

"ಬ್ಯಾಸಗಿ ಐತಲ್ರಿ ಅವ್ವಾರ. ನೀವು ಕುಡಿಯೂದಿಲ್ಲೇನು? ಅದೂ ಕುಡೀತೈತಿ" ಎಂದು ನಕ್ಕೆ.

ಅವರೂ ನಕ್ಕರು. ಹೆಚ್ಚು ಚಾರ್ಜ್ ಆಗಿ ಕುದಿಯುವ ಬ್ಯಾಟರಿಯೇ ನೀರು ಕುಡಿಯುವುದು, ಇದು ನಮ್ಮ ಕಸುಬಿನ ಮೊದಲ ಪಾಠ. ಅತಿಯಾದರೆ ಅಮೃತವೂ ವಿಷ ಎಂದು ಅಬ್ಬಾ ಇದನ್ನೇ ತೋರಿಸಿ ಹೇಳುತ್ತಿದ್ದರು. ಬೇರೆ ಗಿರಾಕಿ ಅಂದಿದ್ದರೆ ಎದ್ದು ಹೋಗಿ ನೋಡುತ್ತಿದ್ದೆನೋ ಏನೋ. ಅವ್ವಾರಿಗೆ ಬ್ಯಾಟರಿ ಬಗ್ಗೆ ಏನು ಗೊತ್ತು ಎಂಬ ಉಡಾಫೆ ನನ್ನದು.

ಅದೇ ದಿನಗಳಲ್ಲಿ ಅವರ ಹಾಸು ಹರಿಯತೊಡಗಿತ್ತು. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು, ಸಾವಿರಾರು ಕೊಂಡಿ. ಆ ಕೆಲಸಕ್ಕೆ ಅವ್ವಾರ ಕೈಯೇ ಬೇಕು ಎಂದು ನೂಲು ಕೊಡುವ ಸಾವಕಾರರು ಉಳಿದ ನೇಕಾರರ ಮುಂದೆ ಹೇಳುತ್ತಿದ್ದರು. ಅಂಥವರ ಸೀರೆಯಲ್ಲಿ ಈಗ ಒಡಲಿನ ತುಂಬ ಗಂಟು. ಎಳೆ ಹರಿದಲ್ಲೆಲ್ಲ ಕಟ್ಟಿ ಕಟ್ಟಿ ನೇಯ್ದ ಗಂಟು. ಸಾವಕಾರರು ಮೊದಲನೆಯದಕ್ಕೆ ಏನೂ ಅನ್ನಲಿಲ್ಲ. ಎರಡನೆಯದಕ್ಕೆ ಮೆಲ್ಲಗೆ "ಅವ್ವಾರ, ಒಮ್ಮೆ ಕಣ್ಣ ತೋರಿಸ್ಕೊಂಡ ಬರ್ರಿ" ಎಂದರಂತೆ. ಮೆಲ್ಲಗೆ ಅಂದದ್ದೇ ಅವ್ವಾರಿಗೆ ಹೆಚ್ಚು ನಾಟಿತು.

ನಾನು ಸಾಮಾನು ತರಲು ಬಾಗಲಕೋಟೆಗೆ ಹೊರಟಿದ್ದೆ. ಅವರೂ ನನ್ನ ಜೊತೆ ಬಸ್ಸು ಹತ್ತಿದರು. ಕಣ್ಣಿನ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಅಕ್ಷರ ಓದಿಸಿದರು, ಈ ವಯಸ್ಸಿಗೆ ಇಷ್ಟು ಚಲೋ ಕಣ್ಣು ಅಪರೂಪ ಎಂದರು. ನನಗೆ ಖುಷಿಯಾಯಿತು. ಅವ್ವಾರು ಮಾತ್ರ ಸೆರಗು ಬಿಗಿದುಕೊಂಡು ಬಸ್ ನಿಲ್ದಾಣದ ತನಕ ನನಗಿಂತ ಮುಂದೆ ಮುಂದೆ ನಡೆದರು.

ಬಸ್ಸು ಊರು ದಾಟಿದ ಮೇಲೆ ಎರಡೂ ಕೈ ಮುಂದೆ ಚಾಚಿ ಕೇಳಿದರು: "ನೋಡಪಾ, ನಡಗತಾವೇನು?"

"ಇಲ್ರಿ."

"ಖರೆ ಹೇಳು."

"ಖರೇನ ಇಲ್ರಿ ಅವ್ವಾರ."

"ಕಣ್ಣಿಂದಾದ್ರ ಆಪ್ರೇಶನ್ ಮಾಡಿಸ್ತಿದ್ದೆ. ಕೈಯಿಂದು ಏನ್ ಮಾಡ್ಲಿ?" ಎಂದು ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು. "ನೂಲು ಕೆಟ್ಟದ ಅಂತ ಹೇಳಬಹುದು. ಹಂಗ ಹೇಳಾಕಿ ನಾ ಅಲ್ಲ. ಅಮಾಸಿ ಆದ ಮರುದಿನ ಹಾಸು ಕೊಯ್ದು ಒಯ್ರಿ ಅಂತ ಸಾವ್ಕಾರ್ರಿಗೆ ಹೇಳೇನಿ. ಬಾದಾಮಿಯಾಗ ಮಗಳು ಅದಾಳ. ಅಲ್ಲೇ ಬಾಂಡೆ ತಿಕ್ಕೊಂತ ಇರ್ತೇನಿ, ಅಷ್ಟಕ್ಕರ ಈ ಕೈ ಸಾಕಲ್ಲ."

ನಲವತ್ತೈದು ವರ್ಷ ನೇಯ್ದ ಹೆಣ್ಣುಮಗಳು. ನನಗೆ ಕೆಡುಕೆನಿಸಿತು. ವಯಸ್ಸು ಯಾರನ್ನು ಬಿಡುತ್ತದೆ ಎಂದು ನನ್ನಷ್ಟಕ್ಕೆ ಹೇಳಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತೆ. ನನ್ನ ಮಡಿಲಿನಲ್ಲಿ ಹೊಸ ಕಂಟ್ರೋಲರುಗಳ ಪೆಟ್ಟಿಗೆಯೇ ಇತ್ತು. ಆಗಲೂ ನನಗೆ ನೆನಪಾಗಲಿಲ್ಲ.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಅವರು ಹೇಳಿ ಕಳಿಸಿದರು, ದೀಪ ಮಂಕಾಗಿದೆ ಎಂದು. ಹೋದೆ. ಅವ್ವಾರು ಹಿತ್ತಿಲಲ್ಲಿದ್ದರು. ಮಗ್ಗ ಬಿಡುವ ಮಾತಾದ ಮೇಲೆ ಅವರು ಬ್ಯಾಟರಿಗೆ ನೀರು ಹಾಕಿರಲಿಲ್ಲವಂತೆ, ಬಟ್ಟೆ ಎತ್ತಿಯೂ ನೋಡಿರಲಿಲ್ಲವಂತೆ. ಹಾಸಿನ ಕೆಳಗೆ ತೂರಿ ಬ್ಯಾಟರಿಯ ಮೇಲಿನ ಬಟ್ಟೆ ಎತ್ತಿದೆ. ಅದು ಎದ್ದು ಬರಲಿಲ್ಲ. ನನ್ನ ಬೆರಳು ತಾಗಿದಲ್ಲೆಲ್ಲ ಹಪ್ಪಳದ ಹಾಗೆ ಮುರಿದು ಪುಡಿಯಾಯಿತು. ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು, ಟರ್ಮಿನಲ್ ಮೇಲೆ ಬೆಳ್ಳಗೆ ಸುಣ್ಣದಂತೆ ಪುಡಿ ಕಟ್ಟಿತ್ತು, ಮುಚ್ಚಳಗಳ ಸುತ್ತ ಒದ್ದೆ. ಪ್ಯಾನೆಲ್ಲಿನ ವೈರು ನಾನು ಕೊಟ್ಟ ಹಾಗೆ ಡೈರೆಕ್ಟ್ ಇತ್ತು. ಎರಡು ತಿಂಗಳು.

ಕುದಿಯುವ ಬ್ಯಾಟರಿಯಿಂದ ಆಸಿಡ್ಡಿನ ಹನಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಮೇಲೇಳುತ್ತದೆ. ಅದು ಹತ್ತಿ ಬಟ್ಟೆಗೆ ಏನು ಮಾಡುತ್ತದೆ ಎಂಬುದು ಬ್ಯಾಟರಿಯವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಮ್ಮ ಒಂದು ಪ್ಯಾಂಟೂ ತೂತಿಲ್ಲದೆ ಇರುವುದಿಲ್ಲ. ತಲೆ ಎತ್ತಿ ನೋಡಿದೆ. ಮುಖದ ಮೇಲೆ ಮೊಳದೆತ್ತರದಲ್ಲಿ ಅವ್ವಾರ ಹಾಸು. ಒಂದು ಎಳೆಗೆ ಬೆರಳಿನಿಂದ ಸಣ್ಣಗೆ ಮೀಟಿದೆ, ಹರಿಯಿತು. ಪಕ್ಕದ್ದನ್ನು ಮೀಟಿದೆ, ಅದೂ ಹರಿಯಿತು. ದಿನಕ್ಕೆ ಎರಡು ಮೊಳ ನೇಯ್ದಂತೆ ಹಾಸು ಅಷ್ಟೇ ಮುಂದೆ ಸರಿಯುತ್ತದೆ. ಇಲ್ಲಿ ಸುಟ್ಟ ಎಳೆ ಎರಡು-ಮೂರು ದಿನಕ್ಕೆ ಅವ್ವಾರ ಕೈಗೆ ಬಂದು ಹರಿಯುತ್ತಿತ್ತು. ಅವರು ತಮ್ಮ ಕೈಯನ್ನು ಬೈದುಕೊಳ್ಳುತ್ತಿದ್ದರು.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ನಾನು ಸುಮ್ಮನಿದ್ದೆ. ಪುಡಿಯಾದ ಬಟ್ಟೆಯನ್ನು ಕಾಗದದಲ್ಲಿ ಕಟ್ಟಿಕೊಂಡೆ. ಅಂಗಡಿಯಿಂದ ಬೇರೆ ಬ್ಯಾಟರಿ, ಕಂಟ್ರೋಲರು ತಂದು ಹೊರಗೆ ಪಡಸಾಲೆಯ ಗೂಡಿನಲ್ಲಿ ಕೂರಿಸಿದೆ. "ಯಾಕಪಾ ಹೊರಗ ಇಟ್ಟಿ?" ಎಂದು ಅವ್ವಾರು ಕೇಳಿದಾಗ "ಗಾಳಿ ಆಡಲಿ ಅಂತ್ರಿ" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ, ನಾನೇ ಹೆಗಲು ಒರೆಸಿಕೊಳ್ಳುತ್ತಿದ್ದೆ. ಸುತ್ತಲ ಹಳ್ಳಿಗಳಲ್ಲಿ ನಾನು ಹಾಕಿದ ಸೋಲಾರುಗಳಿವೆ. ಇವನ ಬ್ಯಾಟರಿ ಸೀರೆ ಸುಟ್ಟಿತಂತೆ ಎಂದು ಸುದ್ದಿಯಾದರೆ ಯಾರು ಕರೆಯುತ್ತಾರೆ? ಕೆಟ್ಟ ಎಳೆ ಹೇಗೂ ಮುಗಿಯುತ್ತದೆ, ಎಲ್ಲ ತಾನೇ ಸರಿಹೋಗುತ್ತದೆ ಎಂದುಕೊಂಡೆ. ಅವ್ವಾರು ಮಗ್ಗ ಬಿಡುತ್ತಿದ್ದಾರೆ ಎಂಬುದನ್ನು ಈ ಲೆಕ್ಕದಿಂದ ಬೇಕೆಂದೇ ಹೊರಗಿಟ್ಟಿದ್ದೆ.

ಅಮಾವಾಸ್ಯೆಯ ದಿನ ನೇಕಾರರು ಮಗ್ಗ ನಡೆಸುವುದಿಲ್ಲ, ಪೂಜೆ ಮಾಡುತ್ತಾರೆ. ಬೆಳಿಗ್ಗೆ ಆ ಓಣಿಯಿಂದ ಹೋಗುವಾಗ ಬಾಗಿಲು ತೆರೆದಿತ್ತು. ಮಗ್ಗಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಹಾಸಿನ ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿದ್ದರು. ಮೊದಲು ನನಗೆ ಬಂದದ್ದು ಭಯ. ಕುದಿಯುವ ಬ್ಯಾಟರಿಯ ಗಾಳಿಗೆ ಒಂದು ಕಿಡಿ ಸಾಕು, ಬಾಂಬಿನಂತೆ ಸಿಡಿಯುತ್ತದೆ. ಹೋದ ಅಮಾವಾಸ್ಯೆಗೂ, ಬ್ಯಾಟರಿ ಈ ಹಾಸಿನ ಕೆಳಗೇ ಕುದಿಯುತ್ತಿದ್ದಾಗ, ಇವರು ಇಲ್ಲೇ ಕಡ್ಡಿ ಹಚ್ಚಿರಬೇಕು. ಆಮೇಲೆ ಅವ್ವಾರನ್ನು ನೋಡಿದೆ. ಮಗ್ಗದ ಮರಕ್ಕೆ ಹಣೆ ಹಚ್ಚಿ ಕೂತಿದ್ದರು, ಎಷ್ಟು ಹೊತ್ತಾದರೂ ಏಳಲಿಲ್ಲ. ಅಂಗಡಿಗೆ ಹೋಗಿ ಆ ಪುಡಿ ಬಟ್ಟೆಯ ಪೊಟ್ಟಣ ಬಿಚ್ಚಿ ನೋಡಿದೆ, ಮತ್ತೆ ಕಟ್ಟಿಟ್ಟೆ.

ಮರುದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಸಾವಕಾರರು ಬಂದು ಕೂತಿದ್ದರು. ಕೈಯಲ್ಲಿ ಕತ್ತರಿ. ಅವ್ವಾರು ಅವರಿಗೆ ಚಹಾ ಕೊಡುತ್ತಿದ್ದರು.

"ಹಾಸು ಕೊಯ್ಯಬ್ಯಾಡ್ರಿ ಸಾವ್ಕಾರ್ರ" ಎಂದೆ. "ತಪ್ಪು ಅವ್ವಾರದಲ್ಲ. ನಂದು." ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಡೈರೆಕ್ಟ್ ಕೊಟ್ಟದ್ದು, ಮರೆತದ್ದು, ನಾಲ್ಕು ದಿನದ ಹಿಂದೆ ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡದ್ದು.

ಸಾವಕಾರರು ನಂಬಲಿಲ್ಲ. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ. ಅವ್ವಾರ ಮ್ಯಾಲಿನ ಮಮತಾಕ ಹಿಂಗ ಹೇಳಾಕತ್ತಿ ನೀ. ಬ್ಯಾಟ್ರಿ ಎಲ್ಲಿ, ಸೀರಿ ಎಲ್ಲಿ?"

ಬ್ಯಾಟರಿ ಇದ್ದ ಜಾಗಕ್ಕೆ ಸರಿಯಾಗಿ ಮೇಲಿದ್ದ ಎಳೆಗಳೀಗ ಮುಂದೆ ಸರಿದಿದ್ದವು. ಅವುಗಳಲ್ಲೊಂದನ್ನು ಮೀಟಿದೆ, ಹರಿಯಿತು. ಹಿಂದೆ ಗೋಡೆಯ ಹತ್ತಿರ ಹೋಗಿ ಅದೇ ಹಾಸಿನ ಇನ್ನೊಂದು ಎಳೆಯನ್ನು ಜಗ್ಗಿದೆ, ಬೆರಳು ನೊಂದಿತೇ ಹೊರತು ಹರಿಯಲಿಲ್ಲ. ಸಾವಕಾರರು ಎದ್ದು ಬಂದು ತಾವೇ ಎರಡೂ ಕಡೆ ನೋಡಿದರು. ಎಳೆಯ ತುದಿಯನ್ನು ಬೆರಳಲ್ಲಿ ಹೊಸಕಿ ಪುಡಿಯಾಗುವುದನ್ನು ನೋಡಿದರು. ನಂತರ ಅವ್ವಾರ ಕಡೆ ತಿರುಗಿದರು.

"ಆ ಎರಡು ಸೀರಿಯಾಗ ಸೆರಗಿನ ರೇಷ್ಮಿ ಎಲ್ಲೆರೆ ಹರದಿತ್ತೇನ್ರಿ ಅವ್ವಾರ?"

"ಇಲ್ರಿ. ಸೆರಗಿನಾಗ ಒಂದೂ ಗಂಟಿಲ್ಲ."

ಸಾವಕಾರರು ಕತ್ತರಿಯನ್ನು ಕಿಸೆಗೆ ಹಾಕಿಕೊಂಡರು. "ಹೌದು ಹಂಗಾರ. ರೇಷ್ಮಿಗಿ ಬಣ್ಣ ಹಾಕೂವಾಗ ನಾವ ಆಸಿಡ್ ಹನಸ್ತೇವಿ, ಅದು ತಡೀತೈತಿ. ಹತ್ತಿಗಿ ಬಿದ್ರ ಮುಗೀತು. ಇಷ್ಟ ವರ್ಷ ವ್ಯಾಪಾರ ಮಾಡಿ ನನಗ ಹೊಳೀಲಿಲ್ಲ ನೋಡ್ರಿ." ಈ ಹಾಸು ಕೊಯ್ದು ಹೊಸದು ಏರಿಸುತ್ತೇನೆ ಎಂದರು.

"ಬ್ಯಾಡ್ರಿ. ಕೆಟ್ಟದ್ದು ಮೂರ್ನಾಕ ಮೊಳ ಇದ್ದೀತು. ಕಟ್ಕೊಂತ ನೇಯ್ತೇನಿ" ಎಂದರು ಅವ್ವಾರು.

ಸಾವಕಾರರು ಹೋದ ಮೇಲೆ ನಾನು ಮಗ್ಗದ ಎದುರು ನೆಲದ ಮೇಲೆ ಕೂತೆ. ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿತ್ತು.

"ತಪ್ಪಾತ್ರಿ ಅವ್ವಾರ" ಎಂದೆ.

"ಎರಡ ತಿಂಗಳ ಇವಕ್ಕ ಬೈದೇನಿ" ಎಂದು ಅವರು ಎರಡೂ ಕೈ ನನ್ನ ಮುಂದೆ ಚಾಚಿದರು. "ಸೋತಾವ ಅಂದೆ. ಸುಟ್ಟ ಬರಲಿ ಅಂದೆ. ಒಂದಿನ ಸಿಟ್ಟಿಗೆದ್ದು ಗ್ವಾಡಿಗಿ ಬಡಕೊಂಡೇನಿ. ಪಾಪ, ಇವು ತಪ್ಪ ಮಾಡಿದ್ದಿಲ್ಲ. ನನಗ ಹೇಳಬ್ಯಾಡ ತಮ್ಮಾ, ಇವಕ್ಕ ಹೇಳು."

ಆ ಕೈಗಳನ್ನು ಹಿಡಿದುಕೊಂಡೆ. ಬಲಗೈಯ ಗೆಣ್ಣಿನ ಮೇಲೆ ಗೋಡೆಗೆ ಬಡಿದ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ತಪ್ಪಾಯಿತು ಎಂದು ಆ ಕೈಗಳಿಗೆ ಹೇಳಿದೆ. ಹೇಳುವಾಗ ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಹೋಗಲಿಲ್ಲ.

ಅವ್ವಾರು ಕೈ ಬಿಡಿಸಿಕೊಂಡು ಕುಣಿಯೊಳಗೆ ಇಳಿದು ಕೂತರು. ಹರಿದ ಎಳೆ ಹುಡುಕಿ ತುದಿ ಕೂಡಿಸಿ ಗಂಟು ಹಾಕಿದರು.

"ಆತು, ಏಳು ಇನ್ನ" ಎಂದರು ತಲೆ ಎತ್ತದೆ. "ಬೆಳಕಿಗಿ ಅಡ್ಡ ಕುಂತಿ."