ಊರಿಗೆ ಹೊರಟವರನ್ನು ತಡೆದ ಅಲಮೇಲಮ್ಮ

ಅಲಮೇಲಮ್ಮ ತೀರಿಕೊಂಡರು. ಗುರುವಾರ ಬೆಳಗ್ಗೆ, ತುಮಕೂರಿನ ಮನೆಯಲ್ಲಿ, ಕಾಫಿಗೆ ನೀರಿಡಲು ಎದ್ದವರು ಒಲೆಯ ಮುಂದೆಯೇ ಕುಸಿದರು. ಹೃದಯಾಘಾತ. ಐವತ್ತೆಂಟು ವರ್ಷವಾಗಿತ್ತು. ಗಂಡ ವೆಂಕಟೇಶಯ್ಯನವರು ಇದ್ದಾರೆ. ಸೋಮವಾರ ತನ್ನ ಹೆಂಡತಿಗಾಗಿ ಅಷ್ಟು ಓಡಾಡಿದ್ದರಿಂದಲೇ ಹೀಗಾಯಿತೆಂದು ಅಮೃತೂರು ಕಡೆಯ ಗಂಗಣ್ಣ ಅಳುತ್ತಿದ್ದಾನೆ. ಹಾಗೇನೂ ಇಲ್ಲವೆಂದು ಡಾಕ್ಟರೇ ಹೇಳಿದ್ದಾರೆ. ಆ ಓಟದಲ್ಲಿ ಅಲಮೇಲಮ್ಮ ಪಟ್ಟ ಸಂತೋಷವನ್ನು ಕಂಡವರು ಯಾರೂ ಗಂಗಣ್ಣನ ಮಾತು ಒಪ್ಪಲಾರರು.

ವೆಂಕಟೇಶಯ್ಯ ಕ್ಷಯವಾಗಿ ಆಸ್ಪತ್ರೆ ಸೇರಿದ್ದು ಎಪ್ಪತ್ತನೇ ಇಸವಿಯಲ್ಲಿ. ವರ್ಷದೊಳಗೆ ಗುಣವಾಗಿ ಮನೆಗೆ ಬಂದರು. "ನಾನು ಬಂದೆ, ಇವಳನ್ನ ಮಾತ್ರ ಡಿಸ್ಚಾರ್ಜ್ ಮಾಡಲಿಲ್ಲ" ಎಂದು ಅವರು ಎಲ್ಲರ ಮುಂದೂ ಹೇಳಿಕೊಂಡು ನಗುತ್ತಿದ್ದರು. ನಿಜವೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮುಗಿಸಿ ಅಲಮೇಲಮ್ಮ ನೇರ ಆಸ್ಪತ್ರೆಗೆ ಹೋಗುತ್ತಿದ್ದರು. ನಿವೃತ್ತಿಯಾದ ಮೇಲೆ ಬೆಳಗ್ಗೆಯೇ ಹೊರಡುತ್ತಿದ್ದರು. ಡಾಕ್ಟರು ಹೇಳಿದ್ದನ್ನು ಹಳ್ಳಿಯವರಿಗೆ ಬಿಡಿಸಿ ಹೇಳುವುದು, ಹಳ್ಳಿಯವರು ನುಂಗಿಕೊಂಡಿದ್ದನ್ನು ಡಾಕ್ಟರಿಗೆ ಮುಟ್ಟಿಸುವುದು, ಬೆಂಗಳೂರಿಗೆ ಕಳಿಸಿದರೆ ಜೊತೆಗೆ ರೈಲು ಹತ್ತುವುದು. ಯಾರೂ ಈ ಕೆಲಸ ಕೊಟ್ಟಿರಲಿಲ್ಲ, ಆದ್ದರಿಂದ ಬಿಡಿಸಲೂ ಯಾರಿಂದಲೂ ಆಗಲಿಲ್ಲ.

ಅವರ ಜಾಗ ಆಸ್ಪತ್ರೆಯ ಗೇಟಿನ ಪಕ್ಕದ ಕಟ್ಟೆ. ಒಳಗೆ ಬರುವವರನ್ನು ಅವರು ನೋಡುತ್ತಿರಲಿಲ್ಲ, ಹೊರಗೆ ಹೋಗುವವರನ್ನು ನೋಡುತ್ತಿದ್ದರು. ಔಷಧಿ ಬೇಡ, ಆಪರೇಷನ್ ಬೇಡ, ಊರಿಗೆ ಹೋಗ್ತೀವಿ ಎಂದು ಹೊರಟವರ ಮನಸ್ಸಿನಲ್ಲಿ ಬೇರೆಯೇ ಒಂದು ಕಾರಣ ಕೂತಿರುತ್ತದೆ, ಅದನ್ನು ಅವರು ಡಾಕ್ಟರಿಗೆ ಹೇಳುವುದಿಲ್ಲ ಎಂಬುದು ಅವರು ಕಂಡುಕೊಂಡಿದ್ದ ಸಂಗತಿ. ಒಬ್ಬನಿಗೆ ಮನೆಯಲ್ಲಿ ಎಮ್ಮೆ ಈಯುವುದಿತ್ತು. ಇನ್ನೊಬ್ಬಾಕೆಗೆ ಗಂಡಸರು ಓಡಾಡುವ ಕಡೆಯ ಕಕ್ಕಸಿಗೆ ಹೋಗಲು ನಾಚಿಕೆ, ಅದಕ್ಕೆ ನೀರನ್ನೇ ಕುಡಿಯುತ್ತಿರಲಿಲ್ಲ. ಕಾರಣ ಸಿಕ್ಕಿತೆಂದರೆ ಅಲಮೇಲಮ್ಮನ ಕಣ್ಣು ಮಿನುಗುತ್ತಿತ್ತು. ಸಿಗುವವರೆಗೆ ಅವರಷ್ಟು ಸಿಡುಕಿ ಬೇರೆ ಇರಲಿಲ್ಲ.

ಆ ಸೋಮವಾರ, ಎಂಬತ್ತನಾಲ್ಕರ ಫೆಬ್ರವರಿಯಲ್ಲಿ, ಇನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ. ಗಂಗಣ್ಣ ಹೆಂಡತಿ ಶಿವರುದ್ರಮ್ಮನನ್ನು ತೋಳಿನಲ್ಲಿ ಆನಿಸಿಕೊಂಡು ಗೇಟು ದಾಟುತ್ತಿದ್ದ. ಆಕೆ ನೋವಿಗೆ ಎರಡಾಗಿ ಬಾಗಿದ್ದಳು.

"ಎಲ್ಲಿಗಪ್ಪ?" ಅಲಮೇಲಮ್ಮ ಎದ್ದು ಅಡ್ಡ ನಿಂತರು.

"ಊರಿಗೆ ಹೋಯ್ತೀವಿ ಅಮ್ಮಾವ್ರೆ."

"ಡಾಕ್ಟ್ರು ಏನಂದ್ರು?"

"ಹೊಟ್ಟೇಲಿ ಕರುಳು ಬಾತದಂತೆ. ಇವತ್ತೇ ಕುಯ್ಬೇಕಂತೆ."

"ಮತ್ತೆ ಊರಲ್ಲಿ ಯಾರು ಕುಯ್ತಾರೆ, ನೀನಾ?"

"ಬುಡಿ ಅಮ್ಮಾವ್ರೆ, ನಮ್ ಹಣೇಲಿ ಬರ್ದಂಗಾಯ್ತದೆ."

ಅಪೆಂಡಿಕ್ಸ್. ಒಡೆದರೆ ಉಳಿಯುವುದು ಕಷ್ಟ. ಕತ್ತಿಗೆ ಹೆದರಿದ್ದಾರೆಂದು ತಿಳಿದು ಅಲಮೇಲಮ್ಮ ಆಪರೇಷನ್ ಮಾಡಿಸಿಕೊಂಡು ಹೊಲ ಉಳುತ್ತಿರುವವರ ಕಥೆಗಳನ್ನೆಲ್ಲ ಹೇಳಿದರು. ಗಂಗಣ್ಣ ಹೂಂಗುಟ್ಟುತ್ತಾ ಮುಂದಕ್ಕೇ ಹೆಜ್ಜೆ ಇಡುತ್ತಿದ್ದ. ನೋವು ತಿಳಿಯದಂತೆ ಮತ್ತು ಬರಿಸುವ ಔಷಧಿಯ ಬಗ್ಗೆ ಹೇಳಿದರು. ಅದಕ್ಕೂ ಹೂಂ. ತಮ್ಮ ಊಹೆ ಎರಡು ಸಲ ತಪ್ಪಿದ್ದಕ್ಕೆ ಅಲಮೇಲಮ್ಮನಿಗೆ ರೇಗಿಹೋಯಿತು.

"ಏನಮ್ಮ, ನೀನಾದ್ರೂ ಬಾಯಿ ಬಿಡು. ಬದುಕೋಕೆ ಬೇಜಾರಾ?"

ಶಿವರುದ್ರಮ್ಮ ತಲೆಯೆತ್ತಿದಳು. ನೋವಿದ್ದದ್ದು ಹೊಟ್ಟೆಯಲ್ಲಿ, ಆದರೆ ಅವಳ ಬಲಗೈ ಸೆರಗಿನೊಳಗೆ ಎದೆಯ ಹತ್ತಿರ ಏನನ್ನೋ ಮುಚ್ಚಿ ಹಿಡಿದಿತ್ತು. ಕೊರಳ ಪಕ್ಕದಲ್ಲಿ ದಾರ ಕಂಡಿತು. ಅಲಮೇಲಮ್ಮ ದನಿ ತಗ್ಗಿಸಿದರು.

"ಲಿಂಗ ತೆಗೀರಿ ಅಂದ್ರೇನಮ್ಮ?"

ಅವಳು ಗೊಳೋ ಎಂದು ಅಳತೊಡಗಿದಳು. "ಒಡವೆ ಎಲ್ಲಾ ಬಿಚ್ಚು ಅಂದ್ರು. ತಾಳಿ ಬಿಚ್ಕೊಟ್ಟೆ, ಬಳೆ ಬಿಚ್ಕೊಟ್ಟೆ. ಇದೂ ಬಿಚ್ಚು ಅಂದ್ರು. ಇದು ಒಡವೆ ಅಲ್ಲ ಕಣವ್ವ. ಇದು ಮೈ ಬಿಟ್ರೆ ನಾನು ಪ್ರಾಣ ಬಿಟ್ಟಂಗೆ."

"ಸಿಕ್ತು!" ಎಂದು ಅಲಮೇಲಮ್ಮ ನಡುಬೀದಿಯಲ್ಲಿ ಚಪ್ಪಾಳೆ ತಟ್ಟಿದರು. ಹಣೆಯ ಮೇಲೆ ಕೆಂಪು ನಾಮವಿಟ್ಟ ಈ ಅಯ್ಯಂಗಾರ್ ಹೆಂಗಸು ಯಾಕೆ ಕುಣಿಯುತ್ತಿದ್ದಾಳೆಂದು ಗಂಗಣ್ಣ ಬಾಯಿ ಬಿಟ್ಟು ನೋಡಿದ.

ಸರ್ಜನ್ ಅನಂತರಾಮಯ್ಯ ಒಳ್ಳೆಯ ಮನುಷ್ಯ. ಇಬ್ಬರನ್ನೂ ಒಳಗೆ ಕರೆತಂದು ಅಲಮೇಲಮ್ಮ ಹೇಳಿದ್ದನ್ನೆಲ್ಲ ಕೇಳಿ ಹಣೆ ಉಜ್ಜಿಕೊಂಡರು. "ಅದನ್ನ ಹೇಳ್ಬಾರ್ದಾಗಿತ್ತೇನ್ರೀ? ಎದೆ ಮೇಲೆ ಬೆಳ್ಳಿ ಕರಡಿಗೆ ಇಟ್ಕೊಂಡು ನಾನು ಕೆಲಸ ಮಾಡೋಕಾಗಲ್ಲ. ಕರಡಿಗೆ ತೆಗೆದು, ಒಳಗಿನ ಲಿಂಗಾನ ಕುದಿಸಿದ ಬಟ್ಟೇಲಿ ಸುತ್ತಿ ತೋಳಿಗೆ ಕಟ್ಲಿ, ನನ್ನ ತಕರಾರಿಲ್ಲ. ಆದ್ರೆ ಸಂಜೆಯೊಳಗೆ ಆಗ್ಬೇಕು."

ಇಷ್ಟಕ್ಕೆ ಮುಗಿಯಿತೆಂದುಕೊಂಡರೆ ಗಂಗಣ್ಣ ತಲೆ ಅಲ್ಲಾಡಿಸಿದ. ಕರಡಿಗೆಯಿಂದ ತೆಗೆಯುವುದು ಸರಿಯೋ, ತೋಳಿಗೆ ಕಟ್ಟಬಹುದೋ, ಯಾರು ಮುಟ್ಟಬೇಕು, ಇದನ್ನು ದೀಕ್ಷೆ ಕೊಟ್ಟ ಅಯ್ಯನವರೇ ಹೇಳಬೇಕು. "ಲಿಂಗದ ವಿಸ್ಯ ನಾಮದೋರು ಹೇಳಿದ್ರೆ ಹೆಂಗ್ ಕೇಳೋದು ಅಮ್ಮಾವ್ರೆ, ತಪ್ಪು ತಿಳ್ಕಬೇಡಿ."

"ತಪ್ಪೇನು ಬಂತು, ಸರಿಯಾಗೇ ಹೇಳ್ದೆ. ಎಲ್ಲವ್ರೆ ನಿಮ್ಮ ಅಯ್ಯನೋರು?"

ಶಿವರುದ್ರಮ್ಮನ ತವರು ಗುಬ್ಬಿ. ಅಯ್ಯನವರ ಹೆಸರು ಚನ್ನವೀರಯ್ಯ. ಅವರ ಅಪ್ಪಣೆ ಸಿಗದಿದ್ದರೆ ನಾಲ್ಕು ಗಂಟೆಯ ಕುಣಿಗಲ್ ಬಸ್ಸಿಗೆ ಹೊರಡುವುದೆಂದು ಗಂಗಣ್ಣ ತೀರ್ಮಾನಿಸಿದ್ದ. ಅಷ್ಟರೊಳಗೆ ಬರುತ್ತೇನೆ, ಅಲ್ಲಿಯವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದು ಅವನಿಂದ ಮಾತು ತೆಗೆದುಕೊಂಡು ಅಲಮೇಲಮ್ಮ ಗುಬ್ಬಿ ಬಸ್ಸು ಹತ್ತಿದರು.

ಚನ್ನವೀರಯ್ಯ ಮನೆಯಲ್ಲಿರಲಿಲ್ಲ. ಪೇಟೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಅಲಮೇಲಮ್ಮ ಆ ಮನೆ ಹೊಕ್ಕಾಗ ಅವರು ಊಟಕ್ಕೆ ಕೂತಿದ್ದರು, ಎಲೆಗೆ ಹೋಳಿಗೆ ಬಿದ್ದು ಮೇಲೆ ತುಪ್ಪ ಸುರಿಯುತ್ತಿತ್ತು. ಪಂಕ್ತಿಯ ನಡುವೆ ನಿಂತು ಅಲಮೇಲಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದರು.

ಮುದುಕ ಅಯ್ಯನವರು ಬಿದ್ದು ಬಿದ್ದು ನಕ್ಕರು. "ಅಮ್ಮಣ್ಣಿ, ನಾಮದೋಳು ಬಂದು ಲಿಂಗದ ಪರ ವಕಾಲತ್ತು ಮಾಡ್ತಿದೀಯಲ್ಲ! ಎದೆಗೇ ಕಟ್ಬೇಕು ಅಂತ ಯಾರು ಹೇಳಿದ್ದು? ತೋಳಿಗೆ ಕಟ್ಬೌದು, ಅಂಗೈಲಿಡ್ಬೌದು. ಹೊಕ್ಕಳಿಂದ ಕೆಳಗೆ ಬರಕೂಡದು ಅಷ್ಟೆ. ಬೆಳ್ಳಿ ಕರಡಿಗೆ ನಮ್ಮ ಜನದ ಸಡಗರ, ಬಟ್ಟೇಲಿ ಕಟ್ಕೊಂಡೋರು ಎಷ್ಟು ಜನ ಇಲ್ಲ!"

"ಹಾಗಂತ ಹೋಗಿ ಹೇಳ್ಲಾ?"

"ನೀನು ಹೇಳಿದ್ರೆ ನಂಬ್ತಾರಾ?"

"ನಂಬಲ್ಲ."

"ಅದಕ್ಕೇ ನಾನು ಬರ್ತೀನಿ. ಕಟ್ಟೋದೂ ನನ್ನ ಕೈಯಿಂದಾನೇ ಆಗ್ಲಿ." ಅಯ್ಯನವರು ಎಲೆಯಿಂದ ಎದ್ದೇಬಿಟ್ಟರು. ಮನೆಯವರು ಅಯ್ಯೋ ಅನ್ನುತ್ತಾ ಹೋಳಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಕೈಗಿತ್ತರು.

ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳಿಸಿತು. ತುಮಕೂರಿನ ಕಡೆಗೆ ಹೋಗುವ ಪ್ಯಾಸೆಂಜರ್! ಅಲಮೇಲಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಓಡಿದರು, ಹಿಂದೆ ಕಾವಿಯ ಅಯ್ಯನವರು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಹೋಳಿಗೆ. ಅಂಗಡಿ ಬಾಗಿಲಿಗೆ ಬಂದವರೆಲ್ಲ "ಓಡಿ ಅಯ್ನೋರೆ, ಓಡಿ!" ಎಂದು ಹುರಿದುಂಬಿಸಿದರು. ಗಾರ್ಡು ಹಸಿರು ಬಾವುಟ ಎತ್ತಿದವನು ಈ ಜೋಡಿಯನ್ನು ಕಂಡು ಕೈ ಇಳಿಸಿ ಕಾದ. ಬೋಗಿ ಹತ್ತಿ ಕೂತ ಮೇಲೆ ಇಬ್ಬರಿಗೂ ಮಾತಾಡಲು ಉಸಿರಿಲ್ಲ. ಮುಖ ಮುಖ ನೋಡಿಕೊಂಡು ನಕ್ಕರು.

ರೈಲು ದಾರಿಯಲ್ಲಿ ಕ್ರಾಸಿಂಗಿಗೆಂದು ನಿಂತಿತು. ಇಂಜಿನ್ನಿನವನನ್ನು ಬೈಯಲು ಇಳಿಯಹೊರಟ ಅಲಮೇಲಮ್ಮನನ್ನು ಅಯ್ಯನವರು ಸೆರಗು ಹಿಡಿದು ಕೂರಿಸಬೇಕಾಯಿತು. ತುಮಕೂರಿಗೆ ಬಂದಿಳಿದಾಗ ನಾಲ್ಕಕ್ಕೆ ಬಹಳ ಹೊತ್ತಿರಲಿಲ್ಲ. ಜಟಕಾದವನು ಆಸ್ಪತ್ರೆಯತ್ತ ತಿರುಗಿಸಿದ.

"ಅಲ್ಲ ಕಣಯ್ಯ, ಬಸ್ ಸ್ಟ್ಯಾಂಡಿಗೆ ನಡಿ!" ಎಂದರು ಅಲಮೇಲಮ್ಮ. ಗಂಗಣ್ಣ ಮಾತು ಕೊಟ್ಟಿದ್ದ, ಆದರೆ ನೋವು ಹೆಚ್ಚಾದರೆ ಹೆದರಿದ ಗಂಡಸು ಏನು ಮಾಡುತ್ತಾನೆಂದು ಅವರು ಗೇಟಿನ ಬಳಿ ಎಷ್ಟೋ ಸಲ ಕಂಡಿದ್ದರು.

ಕುಣಿಗಲ್ ಬಸ್ಸು ಆಗಲೇ ಗುಡುಗುತ್ತಾ ಹಿಂದಕ್ಕೆ ಸರಿಯುತ್ತಿತ್ತು. ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತಿದ್ದವಳು ಶಿವರುದ್ರಮ್ಮನೇ. ಚನ್ನವೀರಯ್ಯ ಜಟಕಾದಿಂದ ಧುಮುಕಿ ಬಸ್ಸಿನ ಮುಂದೆ ಕೋಲೆತ್ತಿ ನಿಂತರು.

"ಏನ್ ಸ್ವಾಮಿ, ಸಾಯೋಕೆ ಬೇರೆ ಬಸ್ ಸಿಗ್ಲಿಲ್ವಾ?" ಎಂದು ಕಂಡಕ್ಟರ್ ಕಿರುಚಿದ.

"ಸಾಯೋಳನ್ನ ನಿನ್ ಬಸ್ಸಿಂದ ಇಳಿಸ್ಕಳಕೆ ಬಂದಿವ್ನಿ, ಸುಮ್ಕಿರ್ಲಾ!" ಅಯ್ಯನವರು ಕಿಟಕಿಗೆ ಬಂದರು. "ಇಳಿ ಮಗಳೆ. ತೋಳಿಗೆ ಕಟ್ತೀನಿ. ಮೈಮೇಲೇ ಇರ್ತದೆ. ನಾನಿದೀನಿ."

ಶಿವರುದ್ರಮ್ಮ ಗಂಡನ ಮುಖ ನೋಡಲಿಲ್ಲ. ತಾನೇ ಎದ್ದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಗಂಗಲಕ್ಷ್ಮಮ್ಮ ಕುದಿಸಿದ ಬಟ್ಟೆ ಹಿಡಿದು ಸಿದ್ಧವಾಗಿದ್ದಳು. "ಅಯ್ನೋರೆ, ಅದನ್ನೂ ಒಂದ್ಸಲ ಕುದಿಸಿಬಿಡ್ಲಾ?" ಎಂದಳು ಪಾಪ, ಒಳ್ಳೆಯದಕ್ಕೇ.

"ಕುದಿಸ್ತೀಯಾ!" ಅಯ್ಯನವರು ಬೆಚ್ಚಿ ಹಿಂದೆ ಸರಿದರು. "ಲಿಂಗದ ಮೇಲೆ ಬಳಿದಿರೋ ಕಪ್ಪು ಕಾಂತಿಯೆಲ್ಲಾ ಕರಗಿಹೋಗ್ತದವ್ವಾ!"

ಅನಂತರಾಮಯ್ಯ ಒಳಗಿಂದಲೇ ಕೂಗಿದರು, "ಬೇಡ ಬೇಡ, ಬಟ್ಟೆ ನಾಲ್ಕು ಸುತ್ತು ಸುತ್ತಲಿ, ಸಾಕು. ಬೇಗ!"

ಬಿಸಿ ಬಟ್ಟೆಗೆ ಬೆರಳು ಸುಟ್ಟುಕೊಳ್ಳುತ್ತಾ ಅಯ್ಯನವರು ಶಿವರುದ್ರಮ್ಮನ ಎಡತೋಳಿಗೆ ಲಿಂಗ ಕಟ್ಟಿದರು. ಅವಳು ಕೈಮುಟ್ಟಿ ನೋಡಿಕೊಂಡಳು. ಬಾಗಿಲು ಮುಚ್ಚಿತು. ಮುಂದಿನ ಹೊತ್ತೆಲ್ಲ ಗಂಗಣ್ಣ ಗೋಡೆಗೊರಗಿ ಕೂತಿದ್ದ, ಅಲಮೇಲಮ್ಮ ಕೂರಲಾರದೆ ಬಾಗಿಲಿಂದ ಮೆಟ್ಟಿಲಿಗೂ ಮೆಟ್ಟಿಲಿಂದ ಬಾಗಿಲಿಗೂ ನಡೆದಾಡಿದರು. ಅನಂತರಾಮಯ್ಯ ಹೊರಬಂದು, "ಇನ್ನೊಂದು ಸ್ವಲ್ಪ ತಡವಾಗಿದ್ರೆ ಒಡೆದೇ ಹೋಗ್ತಿತ್ತು. ಬದುಕಿದ್ಳು ನಿಮ್ಮ ಹುಡುಗಿ" ಎಂದಾಗ, ಅಲಮೇಲಮ್ಮ ಹಿಂದುಮುಂದು ನೋಡದೆ ಚನ್ನವೀರಯ್ಯನವರ ಎರಡೂ ಕೈ ಹಿಡಿದು ಕುಲುಕಿಬಿಟ್ಟರು.

ಮರುದಿನ ಬೆಳಗ್ಗೆ ಅವರು ಸರ್ಜನ್ನರ ಕೋಣೆಗೆ ನುಗ್ಗಿ, ಒಳಗೆ ಒಯ್ಯುವ ಮುಂಚೆ ಪ್ರತಿಯೊಬ್ಬ ರೋಗಿಯನ್ನೂ ಒಂದು ಪ್ರಶ್ನೆ ಕೇಳಲೇಬೇಕೆಂದು ಹಟ ಹಿಡಿದು ಒಪ್ಪಿಸಿದರು. ಬುಧವಾರ ಸಂಜೆ ಶಿವರುದ್ರಮ್ಮ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು. ಅಲಮೇಲಮ್ಮ ಗಂಗಲಕ್ಷ್ಮಮ್ಮನನ್ನು ಎಳೆದುಕೊಂಡು ಆಪರೇಷನ್ ಕೋಣೆಯ ಮುಂದಿದ್ದ, ರೋಗಿಗಳನ್ನು ಮಲಗಿಸಿ ತಳ್ಳುವ ಖಾಲಿ ಗಾಡಿಯ ಹತ್ತಿರ ಹೋದರು. ಚಪ್ಪಲಿ ಬಿಟ್ಟು, ಗಾಡಿ ಹತ್ತಿ, ಹಳ್ಳಿ ಹೆಂಗಸಿನಂತೆ ಮುದುರಿ ಮಲಗಿದರು.

"ಈಗ ಕೇಳು."

"ಮೈಮೇಲೆ ಬಿಡಲಾರದ್ದು ಏನಾದ್ರೂ ಇದೆಯಾ?"

"ದಬಾಯಿಸ್ಬೇಡ ಕಣೇ. ಪೊಲೀಸಿನೋಳಾ ನೀನು? ಇನ್ನೊಂದ್ಸಲ."

ಗಂಗಲಕ್ಷ್ಮಮ್ಮ ನಗು ತಡೆದುಕೊಂಡು ಮತ್ತೆ ಕೇಳಿದಳು. ಹಾಗಲ್ಲ, ಬಗ್ಗಿ ಕೇಳು, ಕಿವಿ ಹತ್ತಿರ ಕೇಳು, ಕೈ ಹಿಡ್ಕೊಂಡು ಕೇಳು. ಮತ್ತೆ, ಮತ್ತೆ. ಕೊನೆಗೊಮ್ಮೆ ಅವಳು ಬಗ್ಗಿ, ಕೈ ಹಿಡಿದು, ಮೆಲ್ಲಗೆ ಕೇಳಿದಳು.

"ಅವ್ವಾ, ಬಿಡಲಾರದ್ದು ಏನಾದ್ರೂ ಇದ್ರೆ ನಂಗೆ ಹೇಳವ್ವಾ."

"ಇದೆ ಕಣೇ. ನನ್ನ ಬಾಯಿ. ಅದನ್ನ ಯಾವ ತೋಳಿಗೆ ಕಟ್ತೀಯ?"

ಇಬ್ಬರೂ ಗೊಳ್ಳೆಂದು ನಕ್ಕರು. ಅಲಮೇಲಮ್ಮ ಗಾಡಿಯಿಂದಿಳಿದು, ಮಲಗಿದ್ದ ಬಟ್ಟೆಯನ್ನು ಕೊಡವಿ ನಾಲ್ಕು ಮಡಿಕೆ ಮಾಡಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟರು.